ಆಫ್‌ರೋಡ್ ಬೈಕಿನ ಏರ್ ಫಿಲ್ಟರ್: ಒಂದು ಕಣ ಧೂಳೂ ಒಳಗೆ ಬೀಳದಂತೆ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕೂರಿಸುವ ಕ್ರಮ

ಫಿಲ್ಟರ್ ತೊಳೆಯುವುದನ್ನು ಹೆಚ್ಚಿನವರು ಚೆನ್ನಾಗಿಯೇ ಮಾಡುತ್ತಾರೆ. ಎಂಜಿನ್ ಕೆಡುವುದು ತೊಳೆಯುವುದಕ್ಕೆ ಮುಂಚಿನ ಐದು ನಿಮಿಷದಲ್ಲಿ, ಇಲ್ಲವೇ ತೊಳೆದಾದ ಮೇಲಿನ ಐದು ನಿಮಿಷದಲ್ಲಿ. ಕೊಳೆಯಾದ ಫಿಲ್ಟರನ್ನು ಅವಸರದಲ್ಲಿ ಎಳೆದಾಗ ಮಣ್ಣು ಉದುರಿ ಎಂಜಿನ್ನಿನ ಬಾಯಿಗೇ ಬೀಳುತ್ತದೆ. ತೊಳೆದದ್ದನ್ನು ತಿರುಗಿ ಕೂರಿಸುವಾಗ ಅಂಚಿನ ಒಂದು ಮೂಲೆ ಮಡಚಿಕೊಂಡರೂ ಹೊರಗಿನಿಂದ ಏನೂ ಕಾಣುವುದಿಲ್ಲ. ಹಾಗಾಗಿ ಸೋಪಿನ ಹಂತಕ್ಕಿಂತ ಬಿಚ್ಚುವ ಮತ್ತು ಕೂರಿಸುವ ಹಂತಗಳನ್ನು ಇಲ್ಲಿ ಹೆಚ್ಚು ಬಿಡಿಸಿ ಹೇಳಲಾಗಿದೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಫೋಮ್ ಫಿಲ್ಟರಿನಲ್ಲಿ ಧೂಳನ್ನು ಹಿಡಿಯುವುದು ಫೋಮ್ ಅಲ್ಲ, ಅದಕ್ಕೆ ಮೆತ್ತಿದ ಅಂಟೆಣ್ಣೆ. ಫೋಮಿನ ರಂಧ್ರಗಳು ನಯವಾದ ಧೂಳಿಗಿಂತ ಎಷ್ಟೋ ದೊಡ್ಡವು. ಗಾಳಿ ಆ ರಂಧ್ರಗಳಲ್ಲಿ ಅಂಕುಡೊಂಕಾಗಿ ನುಸುಳುವಾಗ ಕಣಗಳು ಎಣ್ಣೆಗೆ ತಗುಲಿ ಅಲ್ಲೇ ಉಳಿಯುತ್ತವೆ. ಎಣ್ಣೆ ಇಲ್ಲದ ಫೋಮ್ ಜರಡಿಯಿದ್ದಂತೆ, ಕಲ್ಲನ್ನು ತಡೆದು ಹಿಟ್ಟನ್ನು ಬಿಡುತ್ತದೆ. ಸಿಲಿಂಡರಿನ ಗೋಡೆಯನ್ನು ಸವೆಸುವುದು ಆ ಹಿಟ್ಟೇ.

## ನಿಮ್ಮ ಫಿಲ್ಟರ್ ಯಾವ ಬಗೆಯದು?

ಮುಂದಿನ ಹಂತಗಳೆಲ್ಲ ಫೋಮ್ ಫಿಲ್ಟರಿಗೆ ಸಂಬಂಧಿಸಿದವು. ಮೋಟೋಕ್ರಾಸ್ ಮತ್ತು ಎಂಡ್ಯೂರೋ ಬೈಕುಗಳಲ್ಲಿ ಬಹುತೇಕ ಇದೇ ಇರುತ್ತದೆ. ಹೊರಪದರ ದೊಡ್ಡ ರಂಧ್ರದ್ದು, ಒಳಪದರ ಸಣ್ಣ ರಂಧ್ರದ್ದು, ಎರಡನ್ನೂ ಅಂಚಿನಲ್ಲಿ ಅಂಟಿಸಿರುತ್ತಾರೆ. ಒಳಗೆ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಪಂಜರವಿರುತ್ತದೆ.

ರಸ್ತೆಗೂ ಕಾಡಿಗೂ ಹೊಂದುವ ಡ್ಯುಯಲ್ ಸ್ಪೋರ್ಟ್ ಬೈಕುಗಳಲ್ಲಿ ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರ್ ಇರುವುದುಂಟು. ಅದನ್ನು ತೊಳೆಯುವಂತಿಲ್ಲ. ಅದರ ವಿಷಯ ಕೊನೆಯ ಕಡೆ ಬೇರೆಯಾಗಿ ಇದೆ. ಹತ್ತಿಬಟ್ಟೆಯ ಫಿಲ್ಟರ್ ಹಾಕಿಸಿಕೊಂಡಿದ್ದರೆ ಅದಕ್ಕೆ ಅದರದೇ ಕ್ಲೀನರ್, ಅದರದೇ ತೆಳು ಎಣ್ಣೆ ಬೇಕು. ಫೋಮಿನ ಅಂಟೆಣ್ಣೆಯನ್ನು ಅದಕ್ಕೆ ಹಾಕಿದರೆ ಉಸಿರು ಕಟ್ಟುತ್ತದೆ.

## ಎಷ್ಟು ದಿನಕ್ಕೊಮ್ಮೆ?

ಕಿಲೋಮೀಟರ್ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ನೋಡಬೇಕಾದದ್ದು ಧೂಳನ್ನು. ಒಣ ಟ್ರ್ಯಾಕಿನಲ್ಲಿ ಅಥವಾ ಮರಳಿನಲ್ಲಿ ಓಡಿಸಿದರೆ ಪ್ರತಿ ಸವಾರಿಯ ನಂತರವೂ ಬದಲಿಸಬೇಕು. ಗುಂಪಿನಲ್ಲಿ ಹಿಂದೆ ಓಡಿಸುವವರು ಮುಂದಿನವರ ಧೂಳನ್ನೂ ಕುಡಿಯುತ್ತಾರೆ, ಅವರ ಫಿಲ್ಟರ್ ಇನ್ನೂ ಬೇಗ ತುಂಬುತ್ತದೆ. ಒದ್ದೆ ಕಾಡುಹಾದಿಯಲ್ಲಾದರೆ ಎರಡು ಮೂರು ಸವಾರಿ ತಡೆಯಬಹುದು, ಆದರೆ ಪ್ರತಿ ಸಲವೂ ತೆರೆದು ನೋಡಿ.

ಹೊರಪದರದಲ್ಲಿ ಎಣ್ಣೆಯ ಬಣ್ಣ ಕಾಣದಷ್ಟು ಮಣ್ಣು ಕೂತಿದ್ದರೆ ಸಮಯ ಮೀರಿದೆ. ಬೆರಳಿಂದ ಒತ್ತಿದಾಗ ಅಂಟು ತಾಗದಿದ್ದರೂ ಅಷ್ಟೇ. ಮಣ್ಣು ಕಾಣದಿದ್ದರೂ ತಿಂಗಳುಗಟ್ಟಲೆ ನಿಂತ ಬೈಕಿನ ಫಿಲ್ಟರಿನಲ್ಲಿ ಎಣ್ಣೆ ಕೆಳಕ್ಕೆ ಇಳಿದು ಮೇಲ್ಭಾಗ ಬರಿದಾಗಿರುತ್ತದೆ. ಅದನ್ನೂ ತೊಳೆದು ಹೊಸದಾಗಿ ಎಣ್ಣೆ ಹಾಕಬೇಕು.

## ಬೇಕಾಗುವ ಸಾಮಾನು

- ಅದೇ ಮಾದರಿಯ ಇನ್ನೊಂದು ಫಿಲ್ಟರ್, ಎಣ್ಣೆ ಹಾಕಿ ಸಿದ್ಧವಿಟ್ಟದ್ದು
- ಫೋಮ್ ಫಿಲ್ಟರ್ ಕ್ಲೀನರ್, ಇಲ್ಲದಿದ್ದರೆ ಸೀಮೆಎಣ್ಣೆ
- ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು, ಉಗುರು ಬೆಚ್ಚಗಿನ ನೀರು, ಎರಡು ಬಕೆಟ್
- ಫೋಮ್ ಫಿಲ್ಟರ್ ಎಣ್ಣೆ, ಬಣ್ಣದ್ದಾದರೆ ಒಳ್ಳೆಯದು
- ನೀರಿಗೆ ಕರಗದ ದಪ್ಪ ಗ್ರೀಸ್
- ಎಣ್ಣೆಗೆ ಜಗ್ಗದ ನೈಟ್ರೈಲ್ ಕೈಗವಸು ಎರಡು ಜೊತೆ, ಗಟ್ಟಿ ಪ್ಲಾಸ್ಟಿಕ್ ಚೀಲ
- ನೂಲು ಬಿಡದ ಬಿಳಿ ಬಟ್ಟೆಗಳು, ಗಾಢ ಬಣ್ಣದ ಒಂದು ದೊಡ್ಡ ಬಟ್ಟೆ, ಟಾರ್ಚ್
- ಬೈಕಿಗೆ ತಕ್ಕ ಸಾಕೆಟ್ ಅಥವಾ ಟಿ ಸ್ಪ್ಯಾನರ್, ಸಾಮಾನ್ಯವಾಗಿ 8 ಅಥವಾ 10 ಮಿಮೀ

ಪಟ್ಟಿಯ ಮೊದಲ ಸಾಮಾನು ದುಂದಲ್ಲ. ಒಂದೇ ಫಿಲ್ಟರ್ ಇದ್ದರೆ ಮುಂದಿನ ಸವಾರಿಯ ಅವಸರದಲ್ಲಿ ಅದನ್ನು ಅರ್ಧ ಒಣಗಿಸಿಯೇ ಎಣ್ಣೆ ಹಾಕುವಂತಾಗುತ್ತದೆ. ಎರಡಿದ್ದರೆ ಬೈಕಿನ ಬಳಿ ಬದಲಿಸುವುದು ಹತ್ತು ನಿಮಿಷದ ಕೆಲಸ, ತೊಳೆಯುವುದನ್ನು ನಿಧಾನವಾಗಿ ಮಾಡಿಕೊಳ್ಳಬಹುದು.

## ಹಂತ 1: ಬಿಚ್ಚುವ ಮುನ್ನ ಸುತ್ತಲೂ ಒರೆಸಿ

ಸವಾರಿ ಮುಗಿದ ಬೈಕಿನ ಸೀಟಿನ ಕೆಳಗೆ, ಪಕ್ಕದ ಕವರಿನ ಸಂದಿಯಲ್ಲಿ, ಮಡ್‌ಗಾರ್ಡಿನ ಒಳಬದಿಯಲ್ಲಿ ಒಣಮಣ್ಣು ಕೂತಿರುತ್ತದೆ. ಕವರ್ ತೆಗೆದ ಕೂಡಲೇ ಅದು ಉದುರುವುದು ಫಿಲ್ಟರ್ ಕೂರುವ ಪೆಟ್ಟಿಗೆಯಾದ ಏರ್‌ಬಾಕ್ಸಿನೊಳಕ್ಕೆ. ಒದ್ದೆ ಬಟ್ಟೆಯಿಂದ ಆ ಭಾಗವನ್ನೆಲ್ಲ ಮೊದಲು ಒರೆಸಿ.

ಪ್ರೆಷರ್ ವಾಷರಿನಿಂದ ತೊಳೆಯುವವರು ನಳಿಕೆಯನ್ನು ಏರ್‌ಬಾಕ್ಸಿನ ಗಾಳಿಕಿಂಡಿಗಳತ್ತ ತಿರುಗಿಸಬಾರದು. ಫಿಲ್ಟರ್ ಇದ್ದ ಜಾಗಕ್ಕೆ ಹಾಕುವ ಪ್ಲಾಸ್ಟಿಕ್ ವಾಷ್ ಕವರ್ ಸಿಗುತ್ತದೆ. ಅದಿದ್ದರೆ ಫಿಲ್ಟರ್ ತೆಗೆದು, ಅದನ್ನು ಬಿಗಿಯಾಗಿ ಹಾಕಿಕೊಂಡೇ ತೊಳೆಯಿರಿ. ಆ ಕವರ್ ಸುತ್ತಲೂ ಕಚ್ಚಿದೆಯೇ ಎಂದು ಬೆರಳಾಡಿಸಿ ನೋಡದೆ ನೀರು ಬಿಡಬೇಡಿ.

## ಹಂತ 2: ಫಿಲ್ಟರ್ ಬಿಚ್ಚುವುದು

ದಾರಿ ಬೈಕಿನಿಂದ ಬೈಕಿಗೆ ಬೇರೆ. ಕೆಟಿಎಂ, ಹಸ್ಕ್‌ವರ್ನಾ, ಗ್ಯಾಸ್‌ಗ್ಯಾಸ್ ಬೈಕುಗಳ ಹಲವು ಮಾದರಿಗಳಲ್ಲಿ ಎಡಗಡೆಯ ಕವರನ್ನು ಕೈಯಿಂದಲೇ ಎಳೆದು ತೆಗೆಯಬಹುದು, ಫಿಲ್ಟರನ್ನು ಕೊಂಡಿಯೊಂದು ಹಿಡಿದಿರುತ್ತದೆ. ಜಪಾನಿನ ಹಲವು ಬೈಕುಗಳಲ್ಲಿ ಸೀಟು ಬಿಚ್ಚಿ, ಫಿಲ್ಟರಿನ ನಡುವಿನ ಉದ್ದ ಬೋಲ್ಟನ್ನು ಸಡಿಲಿಸಬೇಕು. ಯಮಹಾ ವೈಜೆಡ್450ಎಫ್ 2010ರಿಂದ ಸಿಲಿಂಡರ್ ಹೆಡ್ಡನ್ನು ಹಿಂದುಮುಂದು ಮಾಡಿಕೊಂಡದ್ದರಿಂದ ಅದರ ಏರ್‌ಬಾಕ್ಸ್ ಮುಂದುಗಡೆ, ಸಾಮಾನ್ಯವಾಗಿ ಟ್ಯಾಂಕ್ ಇರುವ ಜಾಗದಲ್ಲಿದೆ. ಅಲ್ಲಿ ಇನ್‌ಟೇಕಿನ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ) ಬಾಯಿ ಮೇಲ್ಮುಖವಾಗಿರುವುದರಿಂದ ಬಿದ್ದ ಮಣ್ಣು ನೇರ ಕೆಳಕ್ಕೇ ಹೋಗುತ್ತದೆ. ಇನ್ನಷ್ಟು ಎಚ್ಚರ ಬೇಕು.

ಬೋಲ್ಟ್ ಸಡಿಲವಾದ ಮೇಲೆ ಫಿಲ್ಟರನ್ನು ಜಗ್ಗಬೇಡಿ. ಮೊದಲು ಇನ್‌ಟೇಕಿನ ಬಾಯಿಯಿಂದ ನೇರವಾಗಿ ಒಂದೆರಡು ಸೆಂಟಿಮೀಟರ್ ಹಿಂದಕ್ಕೆ ಸರಿಸಿ, ಆಮೇಲೆ ಓರೆ ಮಾಡಿ ಹೊರತೆಗೆಯಿರಿ. ಫ್ರೇಮಿಗೆ, ಬ್ಯಾಟರಿ ವೈರಿಗೆ ಉಜ್ಜಿಕೊಂಡು ಬಂದರೆ ಹೊರಪದರದ ಮಣ್ಣೆಲ್ಲ ಅಲ್ಲೇ ಉದುರುತ್ತದೆ.

ಫಿಲ್ಟರ್ ಹೊರಬಂದ ಕೂಡಲೇ ಗಾಢ ಬಣ್ಣದ ದೊಡ್ಡ ಬಟ್ಟೆಯನ್ನು ಇನ್‌ಟೇಕಿನ ಬಾಯಿಗೆ ತುರುಕಿ, ತುದಿಯನ್ನು ಹೊರಗೆ ಜೋತಾಡಲು ಬಿಡಿ. ಸಣ್ಣ ಚಿಂದಿಯನ್ನೋ ಟಿಶ್ಯೂ ಕಾಗದವನ್ನೋ ತುರುಕಿ ಮರೆತವರ ಎಂಜಿನ್ ಅದನ್ನೇ ನುಂಗಿದೆ. ಸೀಟಿನ ಮೇಲೆ ಹರಡಿಕೊಂಡು ಕಣ್ಣಿಗೆ ಹೊಡೆಯುವಷ್ಟು ದೊಡ್ಡದಿದ್ದರೆ ಮರೆಯುವ ಮಾತೇ ಇಲ್ಲ.

## ಹಂತ 3: ತೊಳೆಯುವ ಮೊದಲು ಓದಿಕೊಳ್ಳಿ

ಈ ಹಂತವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಹಿಂದಿನ ಸಲ ನೀವು ಸರಿಯಾಗಿ ಕೂರಿಸಿದ್ದಿರೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಇರುವುದು ಕೊಳೆಯಾದ ಫಿಲ್ಟರಿನಲ್ಲಿ. ತೊಳೆದರೆ ಅಳಿಸಿಹೋಗುತ್ತದೆ.

ಫಿಲ್ಟರಿನ ಅಂಚಿನ ಗ್ರೀಸನ್ನು ನೋಡಿ. ಮುಚ್ಚಿಕೊಂಡಿದ್ದ ಭಾಗದಲ್ಲಿ ಗ್ರೀಸ್ ಸುತ್ತಲೂ ಒಂದೇ ಅಗಲಕ್ಕೆ ಶುದ್ಧವಾಗಿರಬೇಕು. ಹೊರಗಿನಿಂದ ಒಳಕ್ಕೆ ಮಣ್ಣಿನ ಗೆರೆ ಹಾದುಹೋಗಿದ್ದರೆ ಧೂಳು ಅಲ್ಲಿಂದ ನುಸುಳಿದೆ. ಅದು ಮೇಲಿನ ಅಂಚೋ ಕೆಳಗಿನದೋ ಎಂದು ಗುರುತಿಟ್ಟುಕೊಳ್ಳಿ, ಕೂರಿಸುವಾಗ ಆ ಜಾಗದ ಮೇಲೇ ಕಣ್ಣಿಡಬೇಕು. ಹೆಚ್ಚಿನ ಬೈಕುಗಳಲ್ಲಿ ಕೈ ಹೋಗದ, ಕಣ್ಣಿಗೆ ಬೀಳದ ಕೆಳ ಅಂಚೇ ಸೋರುವುದು.

ನಂತರ ಫಿಲ್ಟರಿನ ಒಳಮೈಯನ್ನು ನೋಡಿ. ಎಣ್ಣೆಯ ಬಣ್ಣವಷ್ಟೇ ಕಾಣಬೇಕು. ಮಣ್ಣಿನ ಬಣ್ಣ ಇಳಿದಿದ್ದರೆ ಎಣ್ಣೆ ಕಡಿಮೆಯಾಗಿತ್ತು, ಅಥವಾ ಫಿಲ್ಟರನ್ನು ಬಹಳ ಹೊತ್ತು ಓಡಿಸಿದ್ದೀರಿ.

ಕೊನೆಗೆ, ಬಾಯಿಗೆ ತುರುಕಿದ ಬಟ್ಟೆಯನ್ನು ತೆಗೆದು, ಬೆರಳಿಗೆ ಶುದ್ಧ ಬಿಳಿ ಬಟ್ಟೆ ಸುತ್ತಿ ಇನ್‌ಟೇಕ್ ರಬ್ಬರಿನ ಒಳಗೋಡೆಯನ್ನು ಒರೆಸಿ. ಸ್ವಲ್ಪ ಎಣ್ಣೆ ಬಂದರೆ ಚಿಂತೆಯಿಲ್ಲ. ಬೆರಳುಗಳ ನಡುವೆ ಉಜ್ಜಿದಾಗ ಗರಗರ ಎಂದರೆ ಫಿಲ್ಟರನ್ನು ದಾಟಿ ಧೂಳು ಹೋಗಿದೆ. ಅಂಚಿನ ಗ್ರೀಸ್ ಶುದ್ಧವಾಗಿದ್ದೂ ಕೊಳವೆಯಲ್ಲಿ ಗರಸು ಸಿಕ್ಕರೆ ರಬ್ಬರ್ ಕೊಳವೆ ಏರ್‌ಬಾಕ್ಸಿಗೆ ಕೂಡುವ ಜಾಗ, ಅದರ ಕ್ಲಾಂಪು, ರಬ್ಬರಿನ ಬಿರುಕು ಇಷ್ಟನ್ನೂ ನೋಡಬೇಕು. ಫಿಲ್ಟರ್ ಎಷ್ಟು ಚೆನ್ನಾಗಿದ್ದರೂ ಅಲ್ಲಿ ಸೋರಿದರೆ ಫಲವಿಲ್ಲ.

## ಹಂತ 4: ಏರ್‌ಬಾಕ್ಸ್ ಶುಚಿ ಮಾಡಿ

ಬಾಯಿಗೆ ಬಟ್ಟೆ ಮತ್ತೆ ತುರುಕಿ. ಒದ್ದೆ ಬಟ್ಟೆಯಿಂದ ಏರ್‌ಬಾಕ್ಸಿನ ಗೋಡೆ, ನೆಲ, ಮೂಲೆಗಳನ್ನು ಒರೆಸಿ. ಫಿಲ್ಟರ್ ಒತ್ತಿ ಕೂರುವ ಚಪ್ಪಟೆ ಅಂಚನ್ನು ಮಾತ್ರ ಬೇರೆ ಶುದ್ಧ ಬಟ್ಟೆಯಿಂದ, ಹಳೆಯ ಗ್ರೀಸ್ ಪೂರ್ತಿ ಹೋಗುವ ತನಕ ಒರೆಸಿ. ಅಲ್ಲಿ ಉಳಿದ ಒಂದು ಮರಳಿನ ಕಾಳು ಅಂಚನ್ನು ಎತ್ತಿ ಹಿಡಿಯಲು ಸಾಕು.

ಕಂಪ್ರೆಸರ್ ಗಾಳಿ ಊದಬೇಡಿ. ಧೂಳು ಹಾರಿ ಹೋಗುವುದು ಎಲ್ಲಿಗೆಂದು ನಿಮಗೆ ಕಾಣುವುದಿಲ್ಲ. ಏರ್‌ಬಾಕ್ಸಿನ ತಳದಲ್ಲಿ ನೀರು ಹೊರಹೋಗುವ ಕೊಳವೆಯೋ ರಬ್ಬರ್ ವಾಲ್ವೋ ಇದ್ದರೆ ಕೆಸರು ಕಟ್ಟಿಕೊಂಡಿದೆಯೇ ಎಂದು ಹಿಸುಕಿ ನೋಡಿ.

## ಹಂತ 5: ಎಣ್ಣೆ ಬಿಡಿಸುವುದು

ಪಂಜರದಿಂದ ಫೋಮನ್ನು ಕಳಚಿ. ಕೈಗವಸು ಹಾಕಿಕೊಳ್ಳಿ. ನೀರಿನಿಂದ ಶುರು ಮಾಡಬೇಡಿ. ಅಂಟೆಣ್ಣೆಗೂ ನೀರಿಗೂ ಆಗಿಬರುವುದಿಲ್ಲ, ಮಣ್ಣು ಎಣ್ಣೆಯೊಳಗೇ ಭದ್ರವಾಗಿ ಉಳಿಯುತ್ತದೆ. ಮೊದಲು ಎಣ್ಣೆಯನ್ನು ಕರಗಿಸಬೇಕು, ಮಣ್ಣು ಅದರ ಜೊತೆಗೇ ಇಳಿಯುತ್ತದೆ.

ಬಕೆಟಿಗೆ ಫಿಲ್ಟರ್ ಮುಳುಗುವಷ್ಟು, ಸುಮಾರು ಎರಡು ಲೀಟರ್, ಕ್ಲೀನರ್ ಅಥವಾ ಸೀಮೆಎಣ್ಣೆ ಹಾಕಿ. ಫೋಮನ್ನು ಮುಳುಗಿಸಿ, ಎರಡೂ ಅಂಗೈ ನಡುವೆ ಒತ್ತುತ್ತ ಬಿಡುತ್ತ ಇರಿ. ಒಗೆದ ಬಟ್ಟೆ ಹಿಂಡುವಂತೆ ತಿರುಚಬಾರದು, ಪದರಗಳನ್ನು ಕೂಡಿಸಿದ ಅಂಟು ಬಿಡುವುದು ತಿರುಚಿದಾಗಲೇ. ಒಳಗನ್ನು ಹೊರಗೆ ಮಗುಚುವ ಅಭ್ಯಾಸವೂ ಬೇಡ, ಅಂಚು ಹಿಗ್ಗಿ ಆಕಾರ ಕೆಡುತ್ತದೆ. ದ್ರವ ಕಪ್ಪಾದ ಮೇಲೆ ಒತ್ತಿ ಖಾಲಿ ಮಾಡಿ, ಎರಡನೇ ಬಕೆಟಿನಲ್ಲಿ ಹೊಸ ದ್ರವದಲ್ಲಿ ಇನ್ನೊಮ್ಮೆ.

ಪೆಟ್ರೋಲ್ ಖಂಡಿತ ಬೇಡ. ಅದು ಬೇಗ ತೊಳೆಯುತ್ತದೆ ನಿಜ. ಜೊತೆಗೇ ಅಂಚಿನ ಅಂಟನ್ನು ಮೆತ್ತಗೆ ಮಾಡುತ್ತದೆ, ಫೋಮನ್ನು ಪುಡಿಯಾಗಿಸುತ್ತದೆ. ಅದರ ಆವಿ ನೆಲದ ಮೇಲೆ ಹರಡಿ, ದೂರದ ಒಂದು ಕಿಡಿಗೂ ಹೊತ್ತಿಕೊಳ್ಳುತ್ತದೆ. ಥಿನ್ನರ್, ಬ್ರೇಕ್ ಕ್ಲೀನರ್‌ಗಳಿಗೂ ಇದೇ ಮಾತು. ಸೀಮೆಎಣ್ಣೆ ಅಷ್ಟು ಸುಲಭವಾಗಿ ಹೊತ್ತಿಕೊಳ್ಳದಿದ್ದರೂ ಬೆಂಕಿಯಿಂದ ದೂರ, ಗಾಳಿಯಾಡುವ ಜಾಗದಲ್ಲೇ ಕೆಲಸ ಮಾಡಿ.

ನಿಮ್ಮ ಎಣ್ಣೆ ಜೈವಿಕವಾಗಿ ಕರಗುವ ಬಗೆಯದಾದರೆ ಅದೇ ತಯಾರಕರ ಪುಡಿ ಅಥವಾ ದ್ರವ ಕ್ಲೀನರನ್ನೇ ಬಳಸಿ. ಎಣ್ಣೆ ಒಂದು ಜಾತಿ, ಕ್ಲೀನರ್ ಇನ್ನೊಂದು ಜಾತಿ ಆದರೆ ಎಷ್ಟು ಒತ್ತಿದರೂ ಅಂಟು ಬಿಡದು. ‘ಎಷ್ಟು ತೊಳೆದರೂ ಹೋಗುತ್ತಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಬಳಸಿದ ಸೀಮೆಎಣ್ಣೆಯನ್ನು ಚರಂಡಿಗೂ ಮಣ್ಣಿಗೂ ಸುರಿಯಬೇಡಿ. ಮುಚ್ಚಳವಿರುವ ಡಬ್ಬಿಯಲ್ಲಿಟ್ಟರೆ ಮಣ್ಣು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮುಂದಿನ ಸಲದ ಮೊದಲ ತೊಳೆತಕ್ಕೆ ಬಳಸಬಹುದು. ಉಳಿದ ಗಷ್ಟನ್ನು ವಿಲೇವಾರಿಗೆ ಕೊಡಿ.

## ಹಂತ 6: ಸೋಪು, ನೀರು, ಒಣಗಿಸುವುದು

ಉಗುರು ಬೆಚ್ಚಗಿನ ನೀರಿಗೆ ಸೋಪು ಹಾಕಿ, ಅದೇ ರೀತಿ ಒತ್ತಿ ಒತ್ತಿ ತೊಳೆಯಿರಿ. ಉಳಿದ ಸೀಮೆಎಣ್ಣೆಯನ್ನು ತೆಗೆಯುವುದಕ್ಕೆ ಇದು ಬೇಕು, ಇಲ್ಲವಾದರೆ ಹೊಸ ಎಣ್ಣೆ ತೆಳ್ಳಗಾಗಿ ಜಾರುತ್ತದೆ. ಆಮೇಲೆ ನಲ್ಲಿಯ ನೀರನ್ನು ಒಳಮೈಯಿಂದ ಹೊರಕ್ಕೆ ಹರಿಸಿ. ಹೊರಗಿನಿಂದ ಹರಿಸಿದರೆ ಉಳಿದ ಮಣ್ಣನ್ನು ಶುದ್ಧವಾದ ಒಳಬದಿಗೆ ನೀವೇ ತಳ್ಳಿದಂತಾಗುತ್ತದೆ. ಒತ್ತಿದಾಗ ನೊರೆ ಬರದೆ, ಬಿಳಿ ಬಕೆಟಿನ ತಳದಲ್ಲಿ ಒಂದು ಕಾಳೂ ಕಾಣದೆ ಇರುವ ತನಕ ಮುಂದುವರಿಸಿ. ವಾಷಿಂಗ್ ಮಷೀನಿಗೆ ಹಾಕಬೇಡಿ, ಅಲ್ಲಿ ತಿರುಚುವುದೇ ಕೆಲಸ.

ಒಣ ಟವೆಲಿನ ನಡುವೆ ಒತ್ತಿ ನೀರು ತೆಗೆದು, ನೆರಳಿನಲ್ಲಿ ಗಾಳಿಗೆ ಇಡಿ. ಸಾಮಾನ್ಯವಾಗಿ ಒಂದು ರಾತ್ರಿ ಸಾಕು, ತೇವದ ಹವೆಯಲ್ಲಿ 24 ಗಂಟೆಯೂ ಬೇಕಾಗುತ್ತದೆ. ಸುಡುಬಿಸಿಲು, ಹೇರ್ ಡ್ರೈಯರ್, ಹೀಟ್ ಗನ್ ಯಾವುದೂ ಬೇಡ. ಹೊರಗೆ ಒಣಗಿದಂತೆ ಕಂಡರೂ ಎರಡು ಪದರ ಕೂಡುವ ಅಂಚಿನಲ್ಲಿ ತೇವ ಉಳಿದಿರುತ್ತದೆ, ಅಲ್ಲಿ ಟಿಶ್ಯೂ ಒತ್ತಿ ನೋಡಿ. ತೇವವಿದ್ದ ಕಡೆ ಎಣ್ಣೆ ಹಿಡಿಯುವುದಿಲ್ಲ.

ಒಣಗಿದ ಫಿಲ್ಟರನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ. ಕೆಳಗಿನ ಯಾವುದಾದರೂ ಒಂದು ಕಂಡರೂ ಎಸೆದು ಹೊಸದು ಹಾಕಿ:

- ಅಂಚಿನ ಅಂಟು ಬಿಟ್ಟು ಪದರಗಳು ಬೇರೆಯಾಗಿರುವುದು
- ಸೂಜಿಮೊನೆಯಷ್ಟೇ ಆದರೂ ಸರಿ, ತೂತು ಅಥವಾ ಹರುಕು
- ಬೆರಳಿಂದ ಉಜ್ಜಿದಾಗ ಪುಡಿ ಉದುರುವುದು
- ಒತ್ತಿ ಬಿಟ್ಟಾಗ ತಕ್ಷಣ ಮೊದಲಿನ ಆಕಾರಕ್ಕೆ ಮರಳದಿರುವುದು
- ಮೂಲೆಯ ರಬ್ಬರ್ ಅಥವಾ ಸೀಲಿಂಗ್ ಅಂಚು ಗಟ್ಟಿಯಾಗಿ ಚಪ್ಪಟೆಯಾಗಿರುವುದು

ಹರಿದ ಫೋಮನ್ನು ಅಂಟು ಹಾಕಿ ಸರಿಮಾಡಲು ಹೋಗಬೇಡಿ. ಆ ಅಂಟು ಎಣ್ಣೆಯಲ್ಲಿ ನೆನೆದು ಕಳಚಿದರೆ ಅದರ ಚೂರೂ ಎಂಜಿನ್ನಿಗೇ ಹೋಗುವುದು. ಪಂಜರವನ್ನೂ ಮರೆಯದೆ ತೊಳೆದು, ಬಿರುಕು ಬಿಟ್ಟಿದೆಯೇ, ಬಾಗಿದೆಯೇ ನೋಡಿ. ಕೆಲವು ಫೋರ್‌ಸ್ಟ್ರೋಕ್ ಬೈಕುಗಳ ಪಂಜರಕ್ಕೆ ಲೋಹದ ಜಾಲರಿ ಇರುತ್ತದೆ. ಎಂಜಿನ್ ಹಿಮ್ಮುಖವಾಗಿ ಸಿಡಿದಾಗ ಫೋಮಿಗೆ ಬೆಂಕಿ ತಗುಲದಂತೆ ಅದು ಕಾಯುತ್ತದೆ, ಆದ್ದರಿಂದ ಕಿತ್ತುಹಾಕಬೇಡಿ.

## ಹಂತ 7: ಎಣ್ಣೆ ಹಾಕುವುದು

ಎಂಜಿನ್ ಆಯಿಲ್ ಇಲ್ಲಿಗೆ ಆಗುವುದಿಲ್ಲ. ಅದು ಅಂಟುವುದಿಲ್ಲ. ಕೆಲವೇ ಗಂಟೆಗಳಲ್ಲಿ ಕೆಳಗಿಳಿದು ಮೇಲಿನರ್ಧ ಬರಿದಾಗುತ್ತದೆ, ಇಳಿದದ್ದು ಏರ್‌ಬಾಕ್ಸಿನಲ್ಲಿ ನಿಲ್ಲುತ್ತದೆ. ಫಿಲ್ಟರ್ ಎಣ್ಣೆಯಲ್ಲಿ ಅಂಟಿಸುವ ಅಂಶದ ಜೊತೆ ಅದನ್ನು ತೆಳ್ಳಗೆ ಹರಡಿಸುವ ದ್ರಾವಕವೂ ಇರುತ್ತದೆ. ಹರಡಿದ ಮೇಲೆ ದ್ರಾವಕ ಆರಿಹೋಗಿ ಅಂಟು ಉಳಿಯುತ್ತದೆ.

ಬಾಟಲಿಯನ್ನು ಚೆನ್ನಾಗಿ ಕುಲುಕಿ. ಫೋಮನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎಣ್ಣೆ ಹಾಕಿ. ಪೂರ್ಣ ಗಾತ್ರದ ಬೈಕಿನ ಫಿಲ್ಟರಿಗೆ 100 ಮಿಲಿ ಆಸುಪಾಸಿನಿಂದ ಶುರು ಮಾಡಬಹುದು, ಸಣ್ಣದಕ್ಕೆ ಅದರರ್ಧ. ಚೀಲದ ಬಾಯಿ ಹಿಡಿದು ಎರಡು ಮೂರು ನಿಮಿಷ ಚಪಾತಿ ಹಿಟ್ಟು ನಾದುವ ಹಾಗೆ ಒತ್ತುತ್ತ ತಿರುಗಿಸುತ್ತ ಇರಿ. ನಂತರ ಚೀಲದೊಳಗೇ ಅಂಗೈಗಳ ನಡುವೆ ಒತ್ತಿ ಹೆಚ್ಚಿನದನ್ನು ಹೊರಗೆ ತೆಗೆಯಿರಿ. ಅದು ವ್ಯರ್ಥವಲ್ಲ, ಮುಂದಿನ ಫಿಲ್ಟರಿಗಾಗುತ್ತದೆ.

ಈಗ ಬಣ್ಣ ಕೆಲಸಕ್ಕೆ ಬರುತ್ತದೆ. ನೀಲಿಯೋ ಕೆಂಪೋ ಹಸಿರೋ, ಒಳಗೂ ಹೊರಗೂ ಒಂದೇ ಸಮ ಕಾಣಬೇಕು. ಪೇಲವ ಕಲೆ ಕಂಡರೆ ಅಲ್ಲಿ ಎಣ್ಣೆ ತಲುಪಿಲ್ಲ, ಒಂದು ಚಮಚ ಹಾಕಿ ನಾದಿ. ಗಾಢ ಕಲೆ ಕಂಡರೆ ಹೆಚ್ಚಾಗಿದೆ, ಇನ್ನೂ ಒತ್ತಿ. ಅಂಚಿನ ಸಂದು ಮತ್ತು ಬೋಲ್ಟ್ ತೂತಿನ ಸುತ್ತಲಿನ ಭಾಗ ಸಾಮಾನ್ಯವಾಗಿ ತಪ್ಪಿಹೋಗುತ್ತವೆ.

ಸ್ಪ್ರೇ ಎಣ್ಣೆ ಬಳಸುವವರು ಹೊರಗಿನಿಂದಷ್ಟೇ ಹೊಡೆದು ಬಿಡುತ್ತಾರೆ. ಒಳಗೂ ಹೊಡೆದು, ಕೈಯಿಂದ ನಾದದೆ ಇದ್ದರೆ ಮಧ್ಯದ ಫೋಮ್ ಒಣಗಿಯೇ ಇರುತ್ತದೆ.

ಎಣ್ಣೆ ಹಾಕಿದ ಕೂಡಲೇ ಬೈಕಿಗೆ ಏರಿಸಬೇಡಿ. ದ್ರಾವಕ ಆರಲು ಡಬ್ಬಿಯ ಮೇಲೆ ಬರೆದಷ್ಟು ಸಮಯ ಕೊಡಿ, ಸಾಧ್ಯವಾದರೆ ಒಂದು ರಾತ್ರಿ. ಹಸಿಯಾಗಿರುವಾಗಲೇ ಎಂಜಿನ್ ಎಳೆದರೆ ತೆಳ್ಳಗಿರುವ ಎಣ್ಣೆ ಥ್ರಾಟಲ್ ಬಾಡಿ ಅಥವಾ ಕಾರ್ಬುರೇಟರಿಗೆ ಸರಿಯುತ್ತದೆ, ಫೋಮಿನಲ್ಲಿ ಬೇಕಾದಷ್ಟು ಉಳಿಯುವುದಿಲ್ಲ. ಬೆರಳಿಗೆ ಒತ್ತಿದಾಗ ಜಾರದೆ, ಹಲಸಿನ ಮೇಣ ತಾಗಿದಂತೆ ಅಂಟಬೇಕು. ಅದೇ ಹದ.

## ಹಂತ 8: ಗ್ರೀಸ್ ಹಚ್ಚಿ ಕೂರಿಸುವುದು

ಶುದ್ಧ ಕೈಗವಸು ಹಾಕಿಕೊಳ್ಳಿ. ಪಂಜರವನ್ನು ಫೋಮಿನೊಳಗೆ ಕೂರಿಸಿ. ಪಂಜರದ ಗೂಟಗಳು, ಫೋಮಿನ ತೂತುಗಳು, ಮೇಲಿನ ಗುರುತು ಎಲ್ಲವೂ ಒಂದಕ್ಕೊಂದು ಹೊಂದಬೇಕು. ಫೋಮಿನ ಅಂಚು ಪಂಜರದ ಅಂಚಿಗೆ ಸುತ್ತಲೂ ಸಮವಾಗಿ ಕೂತಿದೆಯೇ ಎಂದು ಹೆಬ್ಬೆರಳಿನಿಂದ ಒಂದು ಸುತ್ತು ಒತ್ತಿ. ಪಂಜರ ಓರೆಯಾಗಿ ಕೂತರೆ ಮುಂದಿನದೆಲ್ಲ ಓರೆ.

ಫಿಲ್ಟರಿನ ಸೀಲಿಂಗ್ ಅಂಚಿಗೆ ಗ್ರೀಸನ್ನು ಸುಮಾರು 3 ಮಿಮೀ ದಪ್ಪದ ಒಂದೇ ಗೆರೆಯಾಗಿ, ಎಲ್ಲೂ ತುಂಡಾಗದಂತೆ ಎಳೆಯಿರಿ. ದಪ್ಪಗೆ ಬಳಿದರೆ ಫಿಲ್ಟರ್ ಒತ್ತಿದಾಗ ಅದು ಒಳಕ್ಕೆ ಉಬ್ಬಿ ಇನ್‌ಟೇಕಿಗೆ ಸೇರುತ್ತದೆ. ಗ್ರೀಸ್ ಇಲ್ಲದೆಯೂ ಕೆಲವು ಫಿಲ್ಟರುಗಳು ಚೆನ್ನಾಗಿ ಕಚ್ಚುತ್ತವೆ. ಆದರೂ ಹಚ್ಚುವುದೇ ಲೇಸು, ಮುಂದಿನ ಸಲ ಓದಿಕೊಳ್ಳಲು ಸಾಕ್ಷಿ ಉಳಿಯುವುದು ಆ ಗೆರೆಯಲ್ಲೇ.

ಇನ್‌ಟೇಕಿನ ಬಟ್ಟೆ ತೆಗೆಯುವ ಮುನ್ನ ಸುತ್ತಲೂ ಇನ್ನೊಮ್ಮೆ ಟಾರ್ಚ್ ಬಿಟ್ಟು ನೋಡಿ. ಬಟ್ಟೆ ತೆಗೆಯಿರಿ, ಕೈಯಲ್ಲಿ ಹಿಡಿದು ಕಣ್ಣಾರೆ ನೋಡಿ ಪಕ್ಕಕ್ಕಿಡಿ.

ಅಂಟೆಣ್ಣೆ ಹಾಕಿದ ಫಿಲ್ಟರ್ ಒಳಹೋಗುವಾಗ ಫ್ರೇಮಿನ ಮಣ್ಣನ್ನು ಹೆಕ್ಕಿಕೊಂಡು ಹೋಗುತ್ತದೆ. ಸೀಲಿಂಗ್ ಅಂಚಿಗೆ ಏನೂ ತಾಗದಂತೆ ಖಾಲಿ ಶುದ್ಧ ಪ್ಲಾಸ್ಟಿಕ್ ಹಾಳೆಯೊಂದನ್ನು ದಾರಿಗೆ ಅಡ್ಡವಿಟ್ಟು ಒಳಗೆ ಜಾರಿಸಿ, ಹಾಳೆಯನ್ನು ಎಳೆದುಕೊಳ್ಳಿ. ಗೂಟಗಳು ತಮ್ಮ ಗುಂಡಿಗೆ ಇಳಿದದ್ದು ಕೈಗೆ ತಿಳಿಯಬೇಕು.

ಬೋಲ್ಟನ್ನು ಮೊದಲು ಬೆರಳಿನಿಂದಲೇ ನಾಲ್ಕೈದು ಸುತ್ತು ತಿರುಗಿಸಿ. ಸಲೀಸಾಗಿ ಹೋಗದಿದ್ದರೆ ಓರೆಯಾಗಿದೆ, ತೆಗೆದು ಮತ್ತೆ ಹಿಡಿಸಿ. ವಾಷರ್ ಇತ್ತೇ? ಅದನ್ನು ಬಿಟ್ಟರೆ ಬೋಲ್ಟಿನ ತೂತಿನಲ್ಲೇ ಧೂಳು ಇಳಿಯುತ್ತದೆ. ಸ್ಪ್ಯಾನರಿನಿಂದ ಬಿಗಿ ತಾಗುವ ತನಕ ತಿರುಗಿಸಿ ನಿಲ್ಲಿಸಿ. ಬಲ ಹಾಕಿ ಬಿಗಿದರೆ ಪಂಜರ ಬಾಗಿ, ಬೋಲ್ಟಿನ ಬಳಿ ಒತ್ತಿಕೊಂಡು ದೂರದ ಮೂಲೆಗಳಲ್ಲಿ ಬಾಯಿ ಬಿಡುತ್ತದೆ. ಹೆಚ್ಚು ಬಿಗಿದಷ್ಟೂ ಹೆಚ್ಚು ಸೋರುವ ವಿಚಿತ್ರ ಇಲ್ಲಿದೆ. ಕೊಂಡಿಯ ಫಿಲ್ಟರಾದರೆ ಕೊಂಡಿ ಎರಡೂ ಕಡೆ ಸಿಕ್ಕಿಕೊಂಡಿತೇ ಎಂದು ಎಳೆದು ನೋಡಿ.

ಕೊನೆಗೆ ಬೆರಳನ್ನು ಅಂಚಿನ ಗುಂಟ ಪೂರ್ತಿ ಒಂದು ಸುತ್ತು ಆಡಿಸಿ. ಕಾಣದ ಕೆಳ ಅಂಚಿಗೂ ಕೈ ಹೋಗಲೇಬೇಕು. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು ಸಿಕ್ಕರೆ ಬಿಚ್ಚಿ ಮತ್ತೆ ಕೂರಿಸಿ.

ಮೊದಲ ಸಲ ಮಾಡುವವರಿಗೆ ಒಂದು ಪರೀಕ್ಷೆ: ಕೂರಿಸಿ, ಬಿಗಿದು, ಎಂಜಿನ್ ಹಾಕದೆಯೇ ಮತ್ತೆ ಬಿಚ್ಚಿ ಏರ್‌ಬಾಕ್ಸಿನ ಚಪ್ಪಟೆ ಅಂಚಿನಲ್ಲಿ ಗ್ರೀಸಿನ ಅಚ್ಚನ್ನು ನೋಡಿ. ಅಚ್ಚು ಎಲ್ಲೂ ಕಡಿಯದೆ ಸುತ್ತು ಪೂರ್ತಿಯಾಗಿದ್ದರೆ ನಿಮ್ಮ ಕೈ ಸರಿಯಾಗಿದೆ. ತುಂಡಾದ ಜಾಗವೇ ನಿಮ್ಮ ಬೈಕಿನ ಕಳ್ಳದಾರಿ.

## ಓಡಿಸುವಾಗ ಕಾಣುವ ಸೂಚನೆಗಳು

ತೊಳೆದು ಹಾಕಿದ ಮೇಲೆ ಬೈಕ್ ಮಂಕಾಗಿ, ಥ್ರಾಟಲ್ ತಿರುಗಿಸಿದಾಗ ಗೊರಗುಟ್ಟಿ, ಪ್ಲಗ್ ಕಪ್ಪಾದರೆ ಎಣ್ಣೆ ಹೆಚ್ಚಾಗಿದೆ ಅಥವಾ ಆರಿಲ್ಲ. ಏರ್‌ಬಾಕ್ಸಿನ ತಳದಲ್ಲಿ ಬಣ್ಣದ ಎಣ್ಣೆ ನಿಂತಿದ್ದರೆ ಅದೇ ಕಾರಣ.

ಸೋರಿಕೆಯಾದರೆ ಮೊದಮೊದಲು ಯಾವ ಸದ್ದೂ ಬರುವುದಿಲ್ಲ, ಬೈಕ್ ಚೆನ್ನಾಗಿಯೇ ಓಡುತ್ತದೆ. ಟೈಟಾನಿಯಂ ವಾಲ್ವ್ ಇರುವ ಫೋರ್‌ಸ್ಟ್ರೋಕ್ ಎಂಜಿನ್ನುಗಳಲ್ಲಿ ಧೂಳು ವಾಲ್ವಿನ ಗಟ್ಟಿ ಹೊರಲೇಪವನ್ನು ಸವೆಸುತ್ತದೆ. ವಾಲ್ವ್ ತಾನು ಮುಚ್ಚಿ ಕೂರುವ ಅಂಚಿನೊಳಕ್ಕೆ ಇಳಿದು ಕ್ಲಿಯರೆನ್ಸ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಕಡಿಮೆಯಾಗುತ್ತ ಬರುತ್ತದೆ. ಇನ್‌ಟೇಕ್ ವಾಲ್ವಿನ ಕ್ಲಿಯರೆನ್ಸ್ ಪದೇ ಪದೇ ಬಿಗಿಯಾಗುತ್ತಿದ್ದರೆ, ಎಂಜಿನ್ ಸ್ಟಾರ್ಟ್ ಆಗಲು ಸತಾಯಿಸುತ್ತಿದ್ದರೆ ಆ ಸಂದನ್ನು ಸರಿಪಡಿಸುವ ಶಿಮ್ ಬಿಲ್ಲೆ ಬದಲಿಸಿ ಸುಮ್ಮನಾಗದೆ ಫಿಲ್ಟರಿನ ಅಂಚನ್ನು ನೋಡಿ. ಟೂಸ್ಟ್ರೋಕಿನಲ್ಲಿ ಗಾಳಿ ಕ್ರ್ಯಾಂಕ್‌ಕೇಸಿನ ಮೂಲಕ ಹೋಗುವುದರಿಂದ ಪಿಸ್ಟನ್, ರಿಂಗ್ ಜೊತೆಗೆ ಕ್ರ್ಯಾಂಕಿನ ಬೇರಿಂಗುಗಳೂ ಅದೇ ಧೂಳನ್ನು ತಿನ್ನುತ್ತವೆ. ಕಂಪ್ರೆಷನ್ ಇಳಿಯುವುದು, ಫೋರ್‌ಸ್ಟ್ರೋಕಿನಲ್ಲಿ ನೀಲಿ ಹೊಗೆ, ಇವು ಬಹಳ ತಡವಾಗಿ ಬರುವ ಸೂಚನೆಗಳು.

## ನೀರಿಗೆ ಬಿದ್ದ ಬೈಕ್, ಮರಳಿನ ಹಾದಿ

ಹೊಳೆ ದಾಟುವಾಗ ಏರ್‌ಬಾಕ್ಸಿಗೆ ನೀರು ನುಗ್ಗಿದ್ದರೆ ಸ್ಟಾರ್ಟರ್ ಒತ್ತಬೇಡಿ, ಕಿಕ್ಕರನ್ನೂ ಮುಟ್ಟಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಫಿಲ್ಟರ್ ತೆಗೆದು ನೀರು ಬಸಿದು, ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಮೇಲೆ ಕಿಕ್ ಮಾಡಿ ನೀರು ಹೊರಹಾಕಿ. ಪ್ಲಗ್ಗಿನ ತೂತಿನಿಂದ ಬರುವ ನೀರಿನ ನೇರಕ್ಕೆ ಮುಖ ಇಡಬೇಡಿ. ನೀರು ಕುಡಿದ ಫಿಲ್ಟರನ್ನು ಹಿಂಡಿ ಮತ್ತೆ ಹಾಕಿದರೆ ಸಾಲದು, ಬೇರೆಯದನ್ನೇ ಹಾಕಿ. ಫೋರ್‌ಸ್ಟ್ರೋಕ್ ಆದರೆ ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆಯೇ ಎಂದೂ ನೋಡಿ.

ಮರಳಿನಲ್ಲಿ ದಿನವಿಡೀ ಓಡಿಸುವವರಿಗೆ ಫಿಲ್ಟರಿನ ಮೇಲೆ ತೊಡಿಸುವ ತೆಳು ಬಟ್ಟೆಯ ಹೊದಿಕೆ ಸಿಗುತ್ತದೆ. ಅದಕ್ಕೂ ಎಣ್ಣೆ ಬೇಕು. ನಡುವೆ ನಿಲ್ಲಿಸಿದಾಗ ಹೊದಿಕೆಯನ್ನು ಮಾತ್ರ ಮೆಲ್ಲಗೆ ಸುಲಿದು ತೆಗೆದರೆ ಕೆಳಗಿನ ಫೋಮ್ ಶುದ್ಧವಾಗಿ ಸಿಗುತ್ತದೆ.

## ಕಾಗದದ ಫಿಲ್ಟರಾದರೆ

ತೊಳೆಯಬಾರದು, ಎಣ್ಣೆ ಹಾಕಬಾರದು. ಒಣ ಕಾಗದದ್ದಾದರೆ ಗಟ್ಟಿ ನೆಲಕ್ಕೆ ಮೆಲ್ಲಗೆ ತಟ್ಟಿ, ತಯಾರಕರ ಕೈಪಿಡಿ ಒಪ್ಪಿದರೆ ಕಡಿಮೆ ಒತ್ತಡದ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಊದಬಹುದು. ಕಾರ್ಖಾನೆಯಲ್ಲೇ ಎಣ್ಣೆ ಹಾಕಿ ಬರುವ, ಮುಟ್ಟಿದರೆ ಜಿಡ್ಡೆನಿಸುವ ಕಾಗದದ ಫಿಲ್ಟರಿಗೆ ಅದೂ ಬೇಡ. ಊದಿದರೆ ಎಣ್ಣೆ ಹಾರಿಹೋಗಿ ಕಾಗದ ನಿಷ್ಪ್ರಯೋಜಕವಾಗುತ್ತದೆ. ಅದನ್ನು ಬದಲಿಸುವುದೊಂದೇ ದಾರಿ. ಕೈಪಿಡಿಯ ಕಿಲೋಮೀಟರ್ ಲೆಕ್ಕ ಡಾಂಬರು ರಸ್ತೆಗೆ ಬರೆದದ್ದು, ಧೂಳಿನ ಹಾದಿಯವರು ಅದಕ್ಕಿಂತ ಬಹಳ ಮೊದಲೇ ಬದಲಿಸಬೇಕು. ಹೊಸದನ್ನು ಕೂರಿಸುವ ಮುನ್ನ ಹಳೆಯ ರಬ್ಬರ್ ಗ್ಯಾಸ್ಕೆಟ್ ಬಾಕ್ಸಿನಲ್ಲೇ ಅಂಟಿಕೊಂಡು ಉಳಿದಿಲ್ಲವಷ್ಟೇ ಎಂದು ನೋಡಿ. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಕೂತರೆ ಮುಚ್ಚಳ ಬಿಗಿದಂತೆ ಕಂಡರೂ ಪಕ್ಕದಲ್ಲಿ ಗಾಳಿ ನುಗ್ಗುತ್ತದೆ.

## ಸಿದ್ಧ ಫಿಲ್ಟರನ್ನು ಇಟ್ಟುಕೊಳ್ಳುವುದು

ಎಣ್ಣೆ ಹಾಕಿ ಆರಿದ ಫಿಲ್ಟರನ್ನು ಜಿಪ್ ಚೀಲದಲ್ಲಿಟ್ಟು ತಾರೀಖು ಬರೆಯಿರಿ. ಮೇಲೆ ಭಾರ ಬೀಳದಂತೆ ಇಡಿ, ಒತ್ತಿಕೊಂಡು ವಾರಗಟ್ಟಲೆ ಇದ್ದರೆ ಅಂಚು ಸೊಟ್ಟಗಾಗುತ್ತದೆ. ಎಣ್ಣೆ ಒಂದೇ ಕಡೆಗೆ ಇಳಿಯದಂತೆ ಆಗೊಮ್ಮೆ ಈಗೊಮ್ಮೆ ಚೀಲವನ್ನು ಮಗುಚಿ. ತಿಂಗಳು ಕಳೆದದ್ದಾದರೆ ಬೈಕಿಗೆ ಹಾಕುವ ಮುನ್ನ ಚೀಲದೊಳಗೇ ಒಂದು ನಿಮಿಷ ನಾದಿ, ಬಣ್ಣ ಸಮವಾಯಿತೇ ನೋಡಿ. ಗ್ರೀಸನ್ನು ಮಾತ್ರ ಮುಂಚಿತವಾಗಿ ಹಚ್ಚಿಡಬೇಡಿ. ಚೀಲಕ್ಕೆ ಮೆತ್ತಿಕೊಂಡು, ತೆಗೆಯುವಾಗ ಗೆರೆ ತುಂಡುತುಂಡಾಗುತ್ತದೆ.